ಎದುರು ಮನೆಯ ಹಳದಿ ಎಳೆ

ನೀಲವ್ವನ ಮನೆಯ ಗೋಡೆಯ ಮೇಲಿನ ಎಳೆಶೋಧಕ ಮೆಲ್ಲಗೆ ಗಾಳಿ ಎಳೆದುಕೊಂಡಿತು. ಅದರ ಪರದೆಯಲ್ಲಿ ಕೂದಲಿಗಿಂತ ತೆಳುವಾದ ಹಳದಿ ಎಳೆಗಳು ಮೂಡಿದವು.

ವಿದ್ಯುತ್ ವಾಹನಗಳ ಆ ಕಾಲಕ್ಕೆ ಹುಬ್ಬಳ್ಳಿಯಲ್ಲಿ ಹೊಗೆ ಬಿಡುವ ವಾಹನಗಳೇ ಉಳಿದಿರಲಿಲ್ಲ. ಆದರೆ ಸವೆದ ಟೈರು, ಹಳೆಯ ಬಟ್ಟೆಗಳಿಂದ ಉದುರಿದ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಗಾಳಿಯಲ್ಲಿ ತೇಲುತ್ತಲೇ ಇದ್ದವು. ಎಳೆಶೋಧಕ ಅವುಗಳ ಮೇಲೆ ಬೆಳಕು ಹಾಯಿಸಿ, ಅವು ಯಾವ ವಸ್ತುವಿನವು, ಯಾವ ದಿಕ್ಕಿನಿಂದ ಬಂದವು ಎಂದು ತಿಳಿಸುತ್ತಿತ್ತು. ನೀಲವ್ವನ ಮಗಳು ಸುನೀತಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಾಗಿನಿಂದ ಉಬ್ಬಸದಿಂದ ಒದ್ದಾಡುತ್ತಿದ್ದಳು. ಹೀಗಾಗಿ ಯಂತ್ರವನ್ನು ರೂಪಿಸಿದ ವಿಜ್ಞಾನಿ ಡಾ. ಶಬಾನಾ ಕಿತ್ತೂರ ತಾವೇ ಬಂದು ಅದನ್ನು ಕೂಡಿಸಿದ್ದರು.

“ಇದು ಟೈರಿನ ಕಣ ಅಲ್ರಿ, ಪ್ಲಾಸ್ಟಿಕ್ ಉಣ್ಣಿ ದಾರದ ಎಳಿ,” ಎಂದರು ಶಬಾನಾ. “ಎದುರಿನ ಮನಿಯಿಂದ ಬರಾಕತ್ತೈತಿ.”

ಎದುರು ಮನೆ ನೀಲವ್ವನ ಅಕ್ಕ ಪಾರ್ವತೆವ್ವನದು. ಸುನೀತಾಳ ಮದುವೆಯಲ್ಲಿ ಅರಿಶಿನ ಹಚ್ಚಲು ತನ್ನನ್ನು ಮೊದಲು ಕರೆಯಲಿಲ್ಲವೆಂದು ಮುನಿಸಿಕೊಂಡ ಆಕೆ ಅಂದಿನಿಂದ ಈ ಹೊಸ್ತಿಲು ತುಳಿದಿರಲಿಲ್ಲ. ನೀಲವ್ವನೂ ಕರೆಯಲು ಹೋಗಿರಲಿಲ್ಲ.

“ಮನ್ಯಾಗ ಬಸುರಿ ಅದಾಳ ಅನ್ನೂದು ಗೊತ್ತಿಲ್ಲೇನ ಆಕಿಗೆ?” ನೀಲವ್ವ ಸೆರಗು ಬಿಗಿದು ಹೊರಟೇಬಿಟ್ಟಳು. ಜಗಳವಾದೀತೆಂದು ಶಬಾನಾ ಹಿಂದೆಯೇ ಓಡಿದರು.

ಕಿಟಕಿಯ ಬಳಿ ಕುಳಿತಿದ್ದ ಪಾರ್ವತೆವ್ವ ಇವರನ್ನು ಕಂಡು ಕೈಯಲ್ಲಿದ್ದುದನ್ನು ಸೆರಗಿನಡಿ ಮುಚ್ಚಿಕೊಂಡಳು. ನೀಲವ್ವ ಸೆರಗು ಸರಿಸಿದಳು. ಹಳದಿ ಉಣ್ಣೆಯ ಕಾಲುಚೀಲಗಳು, ಜೊತೆಗೆ ಕೂಸಿನ ತಲೆಗೆ ಹಾಕುವ, ಅರ್ಧ ಹೆಣೆದ ಪುಟ್ಟ ಕುಲಾಯಿ.

“ಇದನ್ನ ಯಾರ ಕೈಲೆ ಕಳಸಾಕಿದ್ದಿ?” ನೀಲವ್ವನ ದನಿ ಇಳಿದಿತ್ತು.

“ನೀ ಕರಿತಿ ಅಂತ ಕಾಯಾಕತ್ತಿದ್ನಿ ಯವ್ವಾ. ಕರೀಲಿಲ್ಲಂದ್ರ ಪೆಟ್ಟಿಗ್ಯಾಗ ಇಡ್ತಿದ್ದೆ.”

ಈ ಉಣ್ಣೆಯ ಎಳೆಗಳೇ ಹಾರಿಬಂದು ಸುನೀತಾಳಿಗೆ ಉಬ್ಬಸ ತರುತ್ತಿವೆ ಎಂದು ಶಬಾನಾ ತಡವರಿಸುತ್ತಲೇ ತಿಳಿಸಿದರು. ಪಾರ್ವತೆವ್ವನ ಮುಖ ಬಾಡಿತು. “ಅಯ್ಯ, ನನ್ನಿಂದ ಸುನೀತಾಗ ಉಬ್ಬಸ ಬಂತೇನ್ರಿ?” ಎನ್ನುತ್ತಾ ಕುಲಾಯಿಯ ದಾರ ಜಗ್ಗತೊಡಗಿದಳು.

“ಬಿಚ್ಚಬ್ಯಾಡ್ರಿ, ಮತ್ತ ಎಳಿ ಹಾರ್ತಾವ! ಹತ್ತಿ ನೂಲಿನಾಗ ಹೆಣೀರಿ, ಏನೂ ತೊಂದ್ರಿ ಇಲ್ಲ,” ಎಂದು ಶಬಾನಾ ತಡೆದರು.

ನೀಲವ್ವ ಅಕ್ಕನ ಕೈ ಹಿಡಿದೆಬ್ಬಿಸಿದಳು. “ನಡಿ ಮನಿಗೆ. ಅಲ್ಲೇ ಕುಂತು ಹೆಣಿಯಂತಿ.”

ಒಂದು ವಾರದ ಮೇಲೆ ಶಬಾನಾ ಮತ್ತೆ ಬಂದಾಗ ಓಣಿಯ ತುದಿಗೇ ಅಕ್ಕತಂಗಿಯರ ದನಿ ಕೇಳುತ್ತಿತ್ತು. ಹುಟ್ಟಲಿರುವ ಕೂಸಿಗೆ ಬಿಳಿ ನೂಲು ಬೇಕೆಂದು ಒಬ್ಬಳು, ಬಿಳಿ ಬೇಗ ಹೊಲಸಾಗುತ್ತದೆ, ಹಸಿರೇ ಇರಲೆಂದು ಇನ್ನೊಬ್ಬಳು. ಬಾಗಿಲಲ್ಲಿ ನಿಂತ ವಿಜ್ಞಾನಿಯನ್ನು ಇಬ್ಬರೂ ಗಮನಿಸಲಿಲ್ಲ.

ಸುನೀತಾ ಮಾತ್ರ ಎದ್ದು ಬಂದಳು. “ಡಾಕ್ಟರ್ರ, ನಿಮ್ಮ ಯಂತ್ರ ಭಾಳ ಚಲೋ ಐತಿ. ಈ ಗದ್ದಲ ಸೋಸೂ ಅಂಥದ್ದೂ ಒಂದ ಇದ್ರ ನಾಳೇನ ತಂದು ಕೂಡಸ್ರಿ!” ಎಂದು ಒಂದೇ ಉಸಿರಿಗೆ ಹೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವಿನ ನಡುವೆ ಒಮ್ಮೆಯೂ ಕೆಮ್ಮಲಿಲ್ಲ.