ಬಿಚ್ಚಿಟ್ಟ ವೈರು

"ಎಷ್ಟು ಸಲ ಬೊಗಳಬೇಕು ನಾನು, ಪ್ಲಸ್‌ಗೆ ಪ್ಲಸ್ಸು, ಮೈನಸ್‌ಗೆ ಮೈನಸ್ಸು ಅಂತ? ಹದಿನೈದು ವರ್ಷ ಇಲ್ಲಿ ಕತ್ತೆ ಕಾಯ್ತಿದ್ಯಾ?"

"ಸರಿಯಾಗೇ ಕೊಟ್ಟಿದ್ದೆ ಭಾವ. ಈಗ ಎಲ್ಲಾ ಬಿಚ್ಚಿದೀನಿ. ಆದ್ರೂ ಸ್ಪೀಕರು ಆಡ್ತಿದೆ, ನೀವೇ ಬಂದು ನೋಡಿ."

ನನ್ನ ಹೆಂಡತಿಯ ತಮ್ಮ ಅವನು. ಕಾರ್ ವೈರಿಂಗ್ ಶೆಡ್ಡಿನಲ್ಲಿ ನಮ್ಮಿಬ್ಬರದೇ ಕೆಲಸ. ಅವತ್ತು ಬಂದಿದ್ದ ಒಂದು ಕಾರಿನ ದೊಡ್ಡ ಸ್ಪೀಕರಿಗೆ ಕರೆಂಟು ಸಾಲದೆಂದು ಡಿಕ್ಕಿಯಲ್ಲಿ ಇನ್ನೆರಡು ಬ್ಯಾಟರಿ ಕೂರಿಸುತ್ತಿದ್ದೆವು. ಮಟಮಟ ಮಧ್ಯಾಹ್ನ. ತಗಡಿನ ಸೂರು ಕಾದು ಕೆಂಡವಾಗಿತ್ತು.

ಡಿಕ್ಕಿಯೊಳಗೆ ಬಗ್ಗಿದರೆ ಮುಖಕ್ಕೆ ತಣ್ಣನೆ ಗಾಳಿ ಬಡಿಯಿತು. ಬ್ಯಾಟರಿಗಳ ಮೇಲೆ ನೀರಹನಿ ಕಟ್ಟಿತ್ತು. ಎಲ್ಲ ವೈರುಗಳ ತುದಿಯೂ ಅವನ ಮುಷ್ಟಿಯಲ್ಲಿತ್ತು. ಸ್ಪೀಕರಿನ ಕಪ್ಪು ಪರದೆ ಮಾತ್ರ ಸದ್ದಿಲ್ಲದೆ ಉಬ್ಬುತ್ತಿತ್ತು, ಇಳಿಯುತ್ತಿತ್ತು, ಮಲಗಿದವರ ಎದೆಯ ಹಾಗೆ. ಅಂಗೈ ಇಟ್ಟು ಒತ್ತಿದೆ. ಅದು ನನ್ನ ಕೈಯನ್ನು ಮೆಲ್ಲಗೆ ಮೇಲಕ್ಕೆತ್ತಿತು.

"ಬೆಳಗ್ಗಿಂದ ಇದನ್ನೇ ನೋಡ್ತಾ ಕೂತಿದೀನಿ ಭಾವ. ನನಗೆ ತಲೆ ಕೆಟ್ಟಿಲ್ಲ ತಾನೇ? ನಿಮಗೂ ಕಾಣ್ತು ಅಂತ ಒಂದು ಮಾತು ಹೇಳಿ, ಸಾಕು."

ಹೆದರಿಕೆಯಾದರೆ ನನಗೆ ಸಿಟ್ಟೇ ಮೊದಲು ಬರುವುದು. "ಏನೂ ಆಡ್ತಿಲ್ಲ. ಕೆಲಸಗಳ್ಳ, ನೆಪ ಹುಡುಕ್ತೀಯಾ?" ಎಂದೆ.

ಅವನು ವೈರುಗಳನ್ನು ನೆಲಕ್ಕೆ ಬಿಟ್ಟು, ಕೈ ಒರೆಸಿಕೊಂಡು, ಬಾಗಿಲು ದಾಟಿ ಬಿಸಿಲಿಗೆ ಹೋದ. ಸಿಟ್ಟಿಳಿದ ಮೇಲೆ ಬರುತ್ತಾನೆ ಬಿಡು ಅಂದುಕೊಂಡೆ. ಹನ್ನೊಂದು ತಿಂಗಳಾಯಿತು, ಅವನು ಮನೆಗೂ ಹೋಗಿಲ್ಲ.

ಎದುರಿನ ಪಂಕ್ಚರ್ ಅಂಗಡಿಯವನು ಆ ಮಧ್ಯಾಹ್ನವೆಲ್ಲ ನಮ್ಮ ಬಾಗಿಲಿಗೆ ಮುಖ ಮಾಡಿಕೊಂಡೇ ಕೂತಿದ್ದ. ನಿಮ್ಮ ಶೆಡ್ಡಿನಿಂದ ಯಾರೂ ಹೊರಗೆ ಬರಲೇ ಇಲ್ಲ ಎನ್ನುತ್ತಾನೆ.