ಕ್ರೌಚ್ ಅಗಿದ ವಿಸ್ಕಿ

ಪಕ್ಕೆಲುಬಿಗೆ ಪಿಸ್ತೂಲು ಒತ್ತಿತ್ತು.

ಮುಂದೆ ಎರಡು ಗ್ಲಾಸ್ ವಿಸ್ಕಿ. ಹಿಂದೆ ರಫಸ್... ಮನುಷ್ಯನಲ್ಲ, ಬಾಗಿಲು ಸಾಲದೆ ಗೋಡೆ ಒಡೆದು ಒಳಗೆ ಬಂದ ಕೋಣ. ಪಿಸ್ತೂಲು ಅವನ ಕೋಟಿನ ಜೇಬಿನೊಳಗೇ ಇತ್ತು. ಬಾರಿನಲ್ಲಿದ್ದ ಬೇರೆ ಯಾರಿಗೂ ಕಾಣುತ್ತಿರಲಿಲ್ಲ.

ಭಯವಾಯಿತೇ ಅಂತ ಕೇಳುತ್ತೀರಾ? ಕೆಂಟಕಿಯಲ್ಲಿ ನನ್ನತ್ತ ತಿರುಗಿದ ಪಿಸ್ತೂಲುಗಳನ್ನೆಲ್ಲ ಕರಗಿಸಿದರೆ ಒಂದು ರೈಲ್ವೆ ಸೇತುವೆ ಎಬ್ಬಿಸಬಹುದು!

ನಾನು ಹೋಬಾರ್ಟ್ ಸ್ಟೈಲ್ಸ್. ವಿಸ್ಕಿ ಜಗಳ ಬಿಡಿಸುವುದೇ ನನ್ನ ಕಸುಬು. ಕದ್ದ ಪೀಪಾಯಿ, ಸುಳ್ಳು ಲೇಬಲ್, ನೀರು ಬೆರೆಸಿದ ಮಾಲು... ಯಾವುದೂ ನನ್ನ ನಾಲಿಗೆಯಿಂದ ತಪ್ಪಿಸಿಕೊಂಡಿಲ್ಲ. ಒಂದು ಹನಿ ಕೊಡಿ, ಆ ಧಾನ್ಯ ಬೆಳೆದ ಹೊಲದ ಬೇಲಿಗೆ ಯಾವ ಬಣ್ಣ ಬಳಿದಿದ್ದರು ಅಂತ ಹೇಳುತ್ತೇನೆ.

ತಕರಾರು ಇಷ್ಟೇ. ವಿಲ್ಮಾ ಟ್ರಾಸ್ಕ್ ಅನ್ನುವ ಹೆಂಗಸು ತನ್ನ ಪುಟ್ಟ ಭಟ್ಟಿಯಲ್ಲಿ ರೈ ವಿಸ್ಕಿ ಇಳಿಸುತ್ತಿದ್ದಳು. ರೈ ಅಂದರೆ ಗೋಧಿಯ ಒರಟು ತಮ್ಮ. ಬಾಟಲಿಗೆ ಇಪ್ಪತ್ತೇ ಡಾಲರ್. ಊರಿನ ಬಾರುಗಳೆಲ್ಲ ಅದನ್ನೇ ತರಿಸತೊಡಗಿದವು. ದೊಡ್ಡ ಭಟ್ಟಿಯಲ್ಲಿ ಅದೇ ರೈ ಇಳಿಸುವ ಡೆಲ್ಬರ್ಟ್ ಕ್ರೌಚ್‌ಗೆ ಹೊಟ್ಟೆ ಉರಿಯಿತು. ಇಷ್ಟು ಅಗ್ಗಕ್ಕೆ ರೈ ಮಾಡಲು ಯಾರಿಂದಲೂ ಆಗದು, ಅವಳು ನನ್ನ ಉಗ್ರಾಣದಿಂದ ಕದ್ದ ಮಾಲನ್ನೇ ತನ್ನ ಬಾಟಲಿಗೆ ತುಂಬುತ್ತಿದ್ದಾಳೆ ಅಂತ ಊರೆಲ್ಲ ಸಾರಿಕೊಂಡು ಬಂದ.

ಬಾರುಗಳ ಮಾಲೀಕರು ಸೇರಿ ನನ್ನನ್ನು ಕರೆಸಿದರು. ಎರಡೂ ಒಂದೇ ಅಂತ ನಾನಂದರೆ ಮುಗಿಯಿತು. ವಿಲ್ಮಾಳ ವಿಸ್ಕಿಯನ್ನು ಯಾರೂ ಮೂಸುವುದಿಲ್ಲ. ಭಟ್ಟಿಗೆ ಬೀಗ.

ಬರುವಾಗಲೇ ಕ್ರೌಚ್‌ನ ಎರಡು ಟ್ರಕ್ ನನ್ನ ಹಳೇ ಗಾಡಿಯನ್ನು ನದಿ ದಂಡೆಯುದ್ದಕ್ಕೂ ಅಟ್ಟಿಸಿಕೊಂಡು ಬಂದಿದ್ದವು.

ಒಂದನ್ನು ನದಿಗೆ ಇಳಿಸಿದೆ.

ಇನ್ನೊಂದು ನನ್ನ ಧೂಳು ಕುಡಿದು ಕೆಮ್ಮುತ್ತಾ ನಿಂತಿತು.

ಅಷ್ಟೆಲ್ಲ ಆಗಿ ಬಾರಿಗೆ ಬಂದರೆ ಮಾಲೀಕರು, ವಿಲ್ಮಾ, ಕ್ರೌಚ್ ಎಲ್ಲ ಕಾದು ಕೂತಿದ್ದರು. ನನ್ನ ಬೆನ್ನಿಗೆ ಕ್ರೌಚ್‌ನ ಆಳು, ಈ ರಫಸ್!

"ಎರಡೂ ಒಂದೇ ಅನ್ನು," ಅಂದ ಕಿವಿಯಲ್ಲಿ.

"ಗಂಟಲು ಒಣಗಿದೆ ಮಾರಾಯ. ಮೊದಲು ಕುಡೀತೀನಿ. ಸಾಯೋದು ಆಮೇಲೆ ನೋಡೋಣ."

ಕ್ರೌಚ್‌ನ ಗ್ಲಾಸ್ ಎತ್ತಿದೆ. ಸುಟ್ಟ ಸಕ್ಕರೆ, ಮರದ ಹಲಗೆ, ಮೆಕ್ಕೆಜೋಳದ ಸಿಹಿ. ಮದುವೆ ಮನೆಯಲ್ಲಿ ಮೂಲೆಗೆ ಕೂತು ಹಲ್ಲು ಕಿರಿಯುವ ನೆಂಟನ ಹಾಗೆ.

ವಿಲ್ಮಾಳದ್ದು... ಅಯ್ಯಪ್ಪಾ! ಮೆಣಸು ನಾಲಿಗೆಗೆ ಒದೆಯಿತು. ಹಿಂದೆಯೇ ಒಲೆಯಿಂದ ಈಗಷ್ಟೇ ಇಳಿದ ಬ್ರೆಡ್ಡಿನ ಘಮ. ಕೊನೆಗೆ ಪುದೀನದ ತಂಪು. ನನ್ನ ಹಳೇ ಹಲ್ಲುನೋವು ಊರು ಬಿಟ್ಟು ಓಡಿತು.

ಬಾರಿನಲ್ಲಿ ಸುರಿದುಕೊಡುವ ನೆಲ್ಡಾಳಿಗೆ ಹೇಳಿ ಎರಡಕ್ಕೂ ವರ್ಮುತ್ ಅನ್ನುವ ಸಿಹಿ ದ್ರಾಕ್ಷಾರಸ ಬೆರೆಸಿ ಮ್ಯಾನ್‌ಹ್ಯಾಟನ್ ಕಾಕ್‌ಟೇಲ್ ಮಾಡಿಸಿದೆ. ಕ್ರೌಚ್‌ನದ್ದು ಆ ಸಿಹಿಯಲ್ಲಿ ಮುಳುಗಿಯೇ ಹೋಯಿತು. ವಿಲ್ಮಾಳದ್ದು ವರ್ಮುತ್‌ನ ಕಾಲರ್ ಹಿಡಿದು ಎದ್ದು ನಿಂತಿತು.

ಒಂದೇ ಮಾಲಂತೆ! ಆದರೆ ಎರಡೂ ಬೇರೆ ಅಂತ ಬಾಯಿಬಿಟ್ಟರೆ ಪಕ್ಕೆಗೆ ತೂತು. ಸುಳ್ಳು ಹೇಳುವ ಜಾಯಮಾನ ನನ್ನದಲ್ಲ.

"ನನ್ನ ನಾಲಿಗೆ ಇವತ್ತು ಕೈಕೊಟ್ಟಿದೆ," ಅಂದೆ ಜೋರಾಗಿ. "ಕ್ರೌಚ್ ಸಾಹೇಬ್ರೇ ಕುಡಿದು ಹೇಳ್ಲಿ. ಮೂರು ತಲೆಮಾರಿನ ವಿಸ್ಕಿ ಮನೆತನ, ನಾನೇನು ಅವ್ರ ಮುಂದೆ?"

ಕ್ರೌಚ್‌ನ ಎದೆ ಎರಡು ಇಂಚು ಉಬ್ಬಿತು. ನೆಲ್ಡಾ ಬೆನ್ನು ತಿರುಗಿಸಿ ಎರಡು ಹೊಸ ಗ್ಲಾಸಿಗೆ ಸುರಿದು ತಂದಿಟ್ಟಳು.

ನೋಡಿ, ಕೆಂಟಕಿಯಲ್ಲಿ ಒಳ್ಳೇ ವಿಸ್ಕಿಯನ್ನು ನುಂಗುವುದಿಲ್ಲ. ಅಗಿಯುತ್ತಾರೆ. ಬಾಯಿತುಂಬ ಹೊರಳಿಸಿ, ದವಡೆ ಆಡಿಸಿ, ತುಟಿ ಚಪ್ಪರಿಸುತ್ತಾರೆ. ಭಟ್ಟಿ ಮನೆಯಲ್ಲಿ ಹುಟ್ಟಿದವನಿಗೆ ಅದು ಸೀನಿದ್ದ ಹಾಗೆ, ತಡೆದರೂ ನಿಲ್ಲದು. ರುಚಿಯಿಲ್ಲದ್ದಕ್ಕೆ ಮಾತ್ರ ದವಡೆ ಅಲ್ಲಾಡುವುದಿಲ್ಲ.

ಕ್ರೌಚ್ ಮೊದಲ ಗ್ಲಾಸ್ ಎತ್ತಿದ. ಗುಟುಕ್. ಕೆಳಗಿಟ್ಟ. ತನ್ನದೇ ಅಂದ.

ಎರಡನೆಯದು. ದವಡೆ ಆಡಿತು... ಕಣ್ಣು ಅರೆ ಮುಚ್ಚಿತು... ಮತ್ತೆ ಅಗಿದ. ತುಟಿ ಚಪ್ಪರಿಸಿದ ಸದ್ದು ಪಕ್ಕದ ಜಿಲ್ಲೆಗೂ ಕೇಳಿಸಿರಬೇಕು.

ಇದೂ ತನ್ನದೇ ಅಂದ.

ಎರಡನೆಯದು ವಿಲ್ಮಾಳ ಬಾಟಲಿಯದು ಅಂತ ನೆಲ್ಡಾ ಹೇಳಿದಳು. ಮೂಲೆಯಲ್ಲಿದ್ದ ಮುದುಕ ಮಾಲೀಕನೊಬ್ಬ ಕತ್ತು ಚಾಚಿದ.

"ಎರಡೂ ನಿಂದೇ ಆದ್ರೆ, ಒಂದನ್ನೇ ಯಾಕೋ ಅಗಿದೆ, ಡೆಲ್ಬರ್ಟ್?"

ಕ್ರೌಚ್‌ನ ಮುಖ ಬೀಟ್‌ರೂಟ್ ಆಯಿತು. ಮಾಲೀಕರು ಒಬ್ಬೊಬ್ಬರಾಗಿ ಎದ್ದು, ಎಂದಿನಂತೆ ಮಾಲು ಕಳಿಸು ಅಂತ ವಿಲ್ಮಾಳಿಗೆ ಹೇಳತೊಡಗಿದರು.

ರಫಸ್ ಬೆಪ್ಪಾಗಿ ಧಣಿಯ ಮುಖ ನೋಡುತ್ತಿದ್ದ. ಅಷ್ಟು ಸಾಕಿತ್ತು ನನಗೆ. ಮೊಣಕೈಯಿಂದ ಅವನ ಹೊಟ್ಟೆಗೆ ಗುದ್ದಿ, ಕೈಗೆ ಸಿಕ್ಕ ಬಾಟಲಿ ಎತ್ತಿದೆ.

"ಏಯ್, ಅದು ನಂದು," ಅಂದಳು ವಿಲ್ಮಾ, ಕೂತಲ್ಲಿಂದ ಏಳದೆ. "ಆ ಕಡೇದು ತಗೋ."

ಆ ಕಡೆಯದೇ ತಗೊಂಡೆ. ತಲೆ ಮೇಲೆ ಒಂದೇ ಏಟು. ಕೋಣ ಮಲಗಿತು.

ಕ್ರೌಚ್‌ನ ವಿಸ್ಕಿಗೂ ಗಂಡಸನ್ನು ನೆಲಕ್ಕೆ ಕೆಡವುವ ತಾಕತ್ತಿದೆ ಅಂತ ನಾನು ಒಪ್ಪಿಕೊಂಡಿದ್ದು ಅವತ್ತೇ.