ಸೋಮವಾರದ ವರದಿ

ಟಿಕ್.

ಬುಧವಾರ ರಾತ್ರಿ ಹನ್ನೊಂದು. ಕಿಟಕಿಯಾಚೆ ನಿಂತಿದ್ದ ಕಾರು ತನ್ನಷ್ಟಕ್ಕೆ ಸದ್ದು ಮಾಡಿತು. ಕೊಳ್ಳುವ ಮುಂಚೆ ಓಡಿಸಿ ನೋಡಲೆಂದು ತಂದಿದ್ದ, ಐದು ವರ್ಷ ಹಳೆಯ ದೊಡ್ಡ ಎಲೆಕ್ಟ್ರಿಕ್ ಸೆಡಾನ್. ಪುಸ್ತಕಗಳ ಕರಡು ತಿದ್ದುವುದು ಅವಳ ಕಸುಬು. ತಪ್ಪು ಹುಡುಕದೆ ನಿದ್ದೆ ಹತ್ತುತ್ತಿರಲಿಲ್ಲ. ಸದ್ದನ್ನು ಫೋನಿನಲ್ಲಿ ಹಿಡಿದು, ಕಾರಿನ ಪರೀಕ್ಷೆಗೆ ಗೊತ್ತುಮಾಡಿದ್ದವನಿಗೆ ಕಳಿಸಿದಳು. ಅಕ್ಕ ಅವನಿಗಿಟ್ಟ ಹೆಸರು ‘ಗಾಡಿ ಡಾಕ್ಟರ್’.

“ಬ್ಯಾಟರಿ ತಣ್ಣಗಾಗ್ತಿದೆ, ಅಷ್ಟೆ. ಮಲ್ಕೊಳ್ಳಿ ಮೇಡಂ.” ಮರುಕ್ಷಣ ಇನ್ನೊಂದು: “ನಾಳೆ ಬಂದು ನೋಡ್ತೀನಿ.”

ನಾಳೆ ಬಂದರೆ ನಾಲ್ಕನೆಯ ಸಲ. ಸೋಮವಾರ ಬ್ಯಾಟರಿ ತುಂಬಿಸಿ, ಅದು ಹತ್ತು ಪರ್ಸೆಂಟಿಗೆ ಇಳಿಯುವವರೆಗೂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದ್ದ. ಮಂಗಳವಾರ ಬಾಗಿಲ ರಬ್ಬರು. ಇವತ್ತು ಸಸ್ಪೆನ್ಷನ್. ಬಗ್ಗಿ ಎದ್ದಾಗ ಅವನ ಕಿವಿಯ ಹಿಂದೊಂದು ಗ್ರೀಸಿನ ಗೆರೆ. ಒರೆಸಲು ಚಡಪಡಿಸಿದ ಬೆರಳನ್ನು ಅವಳು ಮುಷ್ಟಿಯೊಳಗೆ ಬಚ್ಚಿಟ್ಟಿದ್ದಳು.

ನಾಳೆ ವರದಿ ಕೊಟ್ಟರೆ ಮುಗಿಯಿತು. ಆಮೇಲೆ ಅವನನ್ನು ಕರೆಯಲು ನೆಪವೆಲ್ಲಿ?

ಗುರುವಾರ ಕಾರಿನೊಳಗೇ ಕೂತು ಕಾಗದ ಕೈಗಿಟ್ಟ. “ಬ್ಯಾಟರಿ ತೊಂಬತ್ತೊಂದು ಪರ್ಸೆಂಟ್ ಗಟ್ಟಿ. ಕಣ್ಮುಚ್ಚಿ ತಗೊಳ್ಳಿ.”

“ನಾನು ಉಪ್ಪನ್ನೂ ಕಣ್ಮುಚ್ಚಿ ತಗೊಳ್ಳಲ್ಲ.” ಮೊದಲ ಸಾಲಿಗೇ ಬೆರಳಿಟ್ಟಳು. “ತಾರೀಖು ತಪ್ಪಾಗಿದೆ. ಸೋಮವಾರದ್ದಿದೆ.”

ಅವನು ಸ್ಟೀರಿಂಗನ್ನೇ ನೋಡಿದ. “ತಪ್ಪಿಲ್ಲ. ಸೋಮವಾರವೇ ಬರೆದಿಟ್ಟಿದ್ದೆ.”

“ಮತ್ತೆ ರಬ್ಬರು? ಸಸ್ಪೆನ್ಷನ್ನು?”

“ನೀವು ದಿನಾ ಒಂದು ಅನುಮಾನ ಕಳಿಸ್ತಿದ್ರಿ. ನಾನು ಅದಕ್ಕೇ ಕಾಯ್ತಿದ್ದೆ.”

ಅವಳ ಕೆನ್ನೆ ಬಿಸಿಯಾಯಿತು. “ನನ್ನ ಅನುಮಾನ ಮೊದಲನೇ ದಿನವೇ ತೀರಿತ್ತು.” ಎಂಜಿನ್ನಿನ ಗದ್ದಲವಿಲ್ಲದ ಕಾರಾದ್ದರಿಂದಷ್ಟೇ ಆ ಮಾತು ಅವನಿಗೆ ಕೇಳಿಸಿತು.

ಇಬ್ಬರ ಕೈಗಳ ನಡುವೆ ಬೆರಳಗಲದ ಜಾಗ. ಅದನ್ನು ಮೊದಲು ದಾಟಿದ್ದು ಯಾರ ಕೈಯೋ, ಇಬ್ಬರಿಗೂ ತಿಳಿಯಲಿಲ್ಲ.

“ಇನ್ನಾದ್ರೂ ಮೇಡಂ ಅನ್ನೋದು ಬಿಡ್ತೀರಾ?”

“ಕಷ್ಟ. ಸ್ವಲ್ಪ ದಿನ ಅಭ್ಯಾಸ ಮಾಡ್ಬೇಕು, ಮೇಡಂ.”

ಸಂಜೆ ಅಕ್ಕನ ಫೋನು. “ಏನೇ, ಏನಂದ ನಿನ್ನ ಗಾಡಿ ಡಾಕ್ಟರ್?”

“ಕಾರು ಚೆನ್ನಾಗಿದೆಯಂತೆ ಅಕ್ಕ. ತಗೊಳ್ತೀನಿ.”

“ನಾಲ್ಕು ದಿನ ತಿಣುಕಿ ಹೇಳಿದ್ದು ಅಷ್ಟೇನಾ?”

“ಅಷ್ಟೇ.”

ಅಕ್ಕನ ಕಿವಿಗೆ ಬಿದ್ದರೆ ಬೆಳಗಾಗುವುದರೊಳಗೆ ಊರಿಗೆಲ್ಲ ಡಂಗುರ. ಹತ್ತು ಜನ, ಹತ್ತು ಕೊಂಕು. ಅಂಗೈಯಲ್ಲಿ ಅವನ ಬಿಸುಪು ಇನ್ನೂ ಆರಿರಲಿಲ್ಲ. ಅವಳು ಮೆಲ್ಲಗೆ ಮುಷ್ಟಿ ಕಟ್ಟಿದಳು. ಯಾರಿಗೂ ಹೇಳುವುದಿಲ್ಲ.